ಚೆಲ್ಲಿದ ಸಯನೈಡ್ ಬೋರ್‌ವೆಲ್ ಮುಟ್ಟದಂತೆ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಚಿನ್ನದ ಅದಿರನ್ನು ನುಣ್ಣಗೆ ಅರೆದು, ನೀರು ಮತ್ತು ಸುಣ್ಣ ಬೆರೆಸಿ, ಆ ರಾಡಿಯನ್ನು (ಸ್ಲರಿ) ಸೋಡಿಯಂ ಸಯನೈಡಿನ ತೆಳು ದ್ರಾವಣದಲ್ಲಿ ಒಂದೆರಡು ದಿನ ಕಲಕಿದರೆ ಚಿನ್ನ ಕರಗಿ ನೀರಿಗಿಳಿಯುತ್ತದೆ (ಲೀಚಿಂಗ್). ನಮ್ಮ ಹಟ್ಟಿ ಚಿನ್ನದ ಗಣಿಯಲ್ಲೂ ಪ್ರಪಂಚದ ಬಹುತೇಕ ಚಿನ್ನದ ಘಟಕಗಳಲ್ಲೂ ನಡೆಯುವುದು ಇದೇ. ದ್ರಾವಣದಲ್ಲಿ ಸಯನೈಡಿನ ಪ್ರಮಾಣ ಸಾಮಾನ್ಯವಾಗಿ ಲೀಟರಿಗೆ 100ರಿಂದ 500 ಮಿ.ಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಹಾಕಿರುವ ಮಿತಿ ಲೀಟರಿಗೆ 0.05 ಮಿ.ಗ್ರಾಂ. ಈ ಎರಡು ಅಂಕಿಗಳ ನಡುವಿನ ಅಂತರ ಗಮನದಲ್ಲಿದ್ದರೆ ಕೆಳಗಿನ ಉತ್ತರಗಳಲ್ಲಿ ಯಾವುದೂ ಅತಿಯೆನಿಸದು. ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಸೋರಿಕೆ ಮತ್ತು ಅಂತರ್ಜಲಕ್ಕೆ ಸಂಬಂಧಿಸಿದವು.

ಪ್ರಶ್ನೆ: ತಲಾ 400 ಘನ ಮೀಟರಿನ ಆರು ಲೀಚಿಂಗ್ ಟ್ಯಾಂಕ್‌ಗಳಿಗೆ ಒಂದೇ ಬಂಡ್ (ಸೋರಿದ್ದನ್ನು ಹಿಡಿಯುವ ಸುತ್ತುಗೋಡೆ) ಕಟ್ಟುವ ನಕ್ಷೆ ನಮ್ಮ ಮುಂದಿದೆ. ನೆಲ 36 × 24 ಮೀಟರ್. ಗೋಡೆ 60 ಸೆಂ.ಮೀ. ಇದ್ದರೆ ಸಾಕು ಎನ್ನುತ್ತಾರೆ. ಸರಿಯೇ?
— ಶಿಫ್ಟ್ ಮೇಲ್ವಿಚಾರಕರು

ಸಾಲದು. ಅದರಲ್ಲಿ ಒಂದು ಟ್ಯಾಂಕಿನ ಸರಕೂ ಹಿಡಿಯುವುದಿಲ್ಲ. ಲೆಕ್ಕ ನೋಡಿ.

ಬಂಡ್‌ನೊಳಗಿನ ಅತಿ ದೊಡ್ಡ ಟ್ಯಾಂಕಿನ ಶೇ. 110ರಷ್ಟು ಜಾಗ ಇರಬೇಕೆನ್ನುವುದು ರೂಢಿಯ ನಿಯಮ. ನಿಮಗೆ ಅದು 440 ಘನ ಮೀಟರ್. ಟ್ಯಾಂಕ್ ಒಡೆದ ದಿನವೇ ಮಳೆಯೂ ಬರಬಹುದು. 864 ಚದರ ಮೀಟರ್ ನೆಲದ ಮೇಲೆ 100 ಮಿ.ಮೀ. ಮಳೆಯೆಂದರೆ 86 ಘನ ಮೀಟರ್. ಒಟ್ಟು 526. ಇದನ್ನು 864ರಿಂದ ಭಾಗಿಸಿದರೆ 61 ಸೆಂ.ಮೀ. ಬರುತ್ತದೆ, ನಿಮ್ಮವರು ನಿಂತಿರುವುದು ಅಲ್ಲಿಯೇ. ಆದರೆ ಆ ನೆಲದ ಮೇಲೆ ಉಳಿದ ಐದು ಟ್ಯಾಂಕ್‌ಗಳು ಕೂತಿವೆಯಲ್ಲ! 8 ಮೀಟರ್ ವ್ಯಾಸದ ಒಂದು ಟ್ಯಾಂಕ್ 50 ಚದರ ಮೀಟರ್ ಜಾಗ ತಿನ್ನುತ್ತದೆ, ಐದಕ್ಕೆ ಸುಮಾರು 251. ಸ್ಲರಿಗೆ ಉಳಿಯುವುದು 613 ಚದರ ಮೀಟರ್. 60 ಸೆಂ.ಮೀ. ಗೋಡೆಯೊಳಗೆ ನಿಲ್ಲುವುದು 370 ಘನ ಮೀಟರಿಗೂ ಕಮ್ಮಿ. 526 ನಿಲ್ಲಬೇಕಾದರೆ 86 ಸೆಂ.ಮೀ. ಬೇಕು, ಅಲೆ, ತುಳುಕಾಟಕ್ಕೆಂದು 15 ಸೆಂ.ಮೀ. ಸೇರಿಸಿ ಒಂದು ಮೀಟರ್ ಕಟ್ಟಿ.

ಇಷ್ಟಾದರೂ ಮೂರು ವಿಷಯ ಉಳಿಯುತ್ತವೆ. ನಿಮ್ಮ ಟ್ಯಾಂಕ್‌ಗಳು ಒಂದರಿಂದೊಂದಕ್ಕೆ ಹರಿಯುವ ಸಾಲಿನಲ್ಲಿದ್ದರೆ, ಕೆಳಗಿನದು ಸೋರಿದಾಗ ಮೇಲಿನವು ಅದನ್ನು ತುಂಬುತ್ತಲೇ ಇರುತ್ತವೆ. ಫೀಡ್ ಪಂಪ್ ನಿಲ್ಲಿಸುವ ತನಕ ಬರುವ ಸ್ಲರಿ ಮತ್ತು ಪೈಪ್‌ನಲ್ಲಿದ್ದು ವಾಪಸು ಇಳಿಯುವ ಸ್ಲರಿ ಎರಡನ್ನೂ ಲೆಕ್ಕಕ್ಕೆ ಸೇರಿಸಿ.

ಎರಡನೆಯದು, ತೂತು ಯಾವಾಗಲೂ ತಳದಲ್ಲೇ ಬೀಳುವುದಿಲ್ಲ. 8 ಮೀಟರ್ ಎತ್ತರದ ತುಂಬಿದ ಟ್ಯಾಂಕಿನ ನಡುಮಟ್ಟದಲ್ಲಿ ತೂತಾದರೆ ಧಾರೆ ಲೆಕ್ಕದ ಪ್ರಕಾರ 8 ಮೀಟರ್ ದೂರಕ್ಕೆ ಚಿಮ್ಮುತ್ತದೆ. ನಿಮ್ಮ ನಕ್ಷೆಯಲ್ಲಿ ಟ್ಯಾಂಕಿಗೂ ಗೋಡೆಗೂ ಇರುವ ಅಂತರ ಮೂರು ಮೀಟರ್ ಕೂಡ ಇಲ್ಲ. ಧಾರೆ ಗೋಡೆಯನ್ನು ಹಾರಿ ಆಚೆಯ ಮಣ್ಣಿಗೆ ಬೀಳುತ್ತದೆ. ಗೋಡೆಯಾಚೆಗೂ ಐದಾರು ಮೀಟರ್ ಅಗಲದ ಕಾಂಕ್ರೀಟ್ ನೆಲ ಹಾಕಿ, ಅದರ ಇಳಿಜಾರನ್ನು ಅಲ್ಲಿಯದೇ ಒಂದು ಸಂಪ್ ಕಡೆಗೆ ತಿರುಗಿಸಿ, ಅಲ್ಲಿಂದ ಪಂಪ್ ಹಾಕಿ ಒಳಕ್ಕೆ ಎತ್ತಿ. ಹಾಗೆ ಹಾಕಿದ ನೆಲದ ಮಳೆನೀರನ್ನೂ ಲೆಕ್ಕಕ್ಕೆ ಹಿಡಿಯಲು ಮರೆಯಬೇಡಿ.

ಮೂರನೆಯದು ಡ್ರೈನ್ ವಾಲ್ವ್. ಬಂಡ್ ಗೋಡೆಯ ಬುಡದಲ್ಲಿ ಮಳೆನೀರು ಬಿಡಲು ವಾಲ್ವ್ ಇಡುವುದು ಬಹಳ ಕಡೆ ಕಾಣುವ ಚಾಳಿ. ಮಳೆಗಾಲದಲ್ಲಿ ಯಾರೋ ತೆರೆಯುತ್ತಾರೆ, ಮುಚ್ಚಲು ಇನ್ನಾರೋ ಬರಬೇಕು. ತೆರೆದ ವಾಲ್ವ್ ಇರುವ ಬಂಡ್ ಇದ್ದೂ ಇಲ್ಲದ ಹಾಗೆ. ಗೋಡೆಗೆ ತೂತೇ ಬೇಡ. ನೆಲಕ್ಕೆ 50ಕ್ಕೆ 1ರ ಇಳಿಜಾರು ಕೊಟ್ಟು, ಮೂಲೆಯ ಸಂಪ್‌ನಲ್ಲಿ ಉದ್ದ ಸ್ಪಿಂಡಲ್‌ನ ಲಂಬ ಪಂಪ್ ಇಟ್ಟು, ಗೋಡೆಯ ಮೇಲಿಂದ ಲೀಚಿಂಗ್ ಟ್ಯಾಂಕಿಗೇ ವಾಪಸು ಎತ್ತಿ. ಸ್ಲರಿಯಲ್ಲಿ ಘನವಸ್ತು ಶೇ. 40ರ ಮೇಲಿರುವುದರಿಂದ ಸಂಪ್‌ನಲ್ಲಿ ಮರಳು ಕೂತು ಗಟ್ಟಿಯಾಗುತ್ತದೆ. ಪ್ರತಿ ಶಿಫ್ಟ್‌ನಲ್ಲೂ ನೀರು ಬಿಟ್ಟು ಕಲಕಿ ಪಂಪ್ ಓಡಿಸಿ ನೋಡದಿದ್ದರೆ, ಬೇಕಾದ ದಿನ ಅದು ತಿರುಗುವುದಿಲ್ಲ.

ಪ್ರಶ್ನೆ: ನಮ್ಮ ಕಡೆ ಎರೆ ಮಣ್ಣು. ಬಂಡ್‌ಗೆ ಹಾಕಿದ ನೆಲ ಎರಡೇ ವರ್ಷಕ್ಕೆ ಬಿರುಕು ಬಿಡುತ್ತದೆ. ಎರೆ ಜಿಗಟು ಮಣ್ಣಲ್ಲವೇ, ಕೆಳಗೆ ನೀರು ಬಿಡುವುದಿಲ್ಲ ಎಂದು ಸುಮ್ಮನಿರಬಹುದೇ?
— ಸಿವಿಲ್ ಗುತ್ತಿಗೆದಾರ, ಬಳ್ಳಾರಿ ಜಿಲ್ಲೆ

ಒದ್ದೆಯಾಗಿದ್ದಾಗ ಎರೆ ನೀರು ಬಿಡುವುದಿಲ್ಲ, ನಿಜ. ಬೇಸಿಗೆಯಲ್ಲಿ ಅದೇ ಮಣ್ಣು ಕೈ ತೂರುವಷ್ಟು ಬಾಯಿ ಬಿಡುತ್ತದೆ. ಆಗ ಚೆಲ್ಲಿದ್ದು ಮಣ್ಣಿನಲ್ಲಿ ಸೋಸಿ ಇಳಿಯದೆ ನೇರ ಗರಸಿಗೆ, ಅಲ್ಲಿಂದ ಬಂಡೆಯ ಬಿರುಕಿಗೆ ಹೋಗುತ್ತದೆ. ಉಬ್ಬುವುದು, ಕುಗ್ಗುವುದು ನಡೆದೇ ಇರುವುದರಿಂದ ಮೇಲಿನ ಕಾಂಕ್ರೀಟೂ ಸೀಳುತ್ತದೆ. ಎರೆಯನ್ನು ಪೂರ್ತಿ ತೆಗೆಯುವುದು ಉತ್ತಮ. ಬಹಳ ಆಳಕ್ಕಿದ್ದರೆ ಮೇಲಿನಷ್ಟನ್ನು ತೆಗೆದು, ಉಬ್ಬದ ಜಿಗಟು ಮಣ್ಣನ್ನು ಪದರ ಪದರವಾಗಿ ರೋಲರ್ ಹೊಡೆಸಿ ತುಂಬಿ. ಅದರ ಮೇಲೆ 1.5 ಮಿ.ಮೀ. ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಹಾಳೆ, ಹಾಳೆಗೆ ಕಲ್ಲು ಚುಚ್ಚದಂತೆ ಜಿಯೋಟೆಕ್ಸ್‌ಟೈಲ್ ಬಟ್ಟೆ, ಅದರ ಮೇಲೆ ಕಾಂಕ್ರೀಟ್. ನೀರಿನ ತೊಟ್ಟಿಗಳಿಗಿರುವ ಐಎಸ್ 3370ರ ಪ್ರಕಾರವೇ ಕಾಂಕ್ರೀಟ್ ಹಾಕಿ: ಎಂ30ಕ್ಕೆ ಕಮ್ಮಿಯಿಲ್ಲದ ದರ್ಜೆ, ಬಿರುಕಿನ ಅಗಲ 0.2 ಮಿ.ಮೀ. ಮೀರದಂಥ ಕಬ್ಬಿಣ.

ನಡು ನೆಲದಲ್ಲಿ ಸೋರುವುದು ಅಪರೂಪ. ಸೋರುವುದು ಜಾಯಿಂಟ್‌ಗಳಲ್ಲಿ, ಗೋಡೆ ಮತ್ತು ನೆಲ ಸೇರುವ ಮೂಲೆಯಲ್ಲಿ, ಪೈಪ್ ತೂರಿದ ಕಡೆ, ಕಂಬದ ಬೇಸ್‌ಪ್ಲೇಟ್ ಸುತ್ತ. ಜಾಯಿಂಟ್‌ನೊಳಗೆ ಪಿವಿಸಿ ವಾಟರ್‌ಸ್ಟಾಪ್, ಮೇಲೆ ರಾಸಾಯನಿಕ ತಡೆಯುವ ಸೀಲಂಟ್ ಎರಡೂ ಇರಲಿ. ಸೀಲಂಟ್ ಬಿಸಿಲಿಗೆ ಸುಕ್ಕಾಗುತ್ತದೆ; ಪ್ರತಿ ಮಳೆಗಾಲಕ್ಕೆ ಮುಂಚೆ ಉಗುರಿನಿಂದ ಕೆರೆದು ನೋಡಿ, ಎದ್ದು ಬಂದರೆ ಕಿತ್ತು ಹೊಸದು ತುಂಬಿಸಿ. ಕಾಂಕ್ರೀಟಿನ ಮೇಲೆ ಬರೀ ಎಪಾಕ್ಸಿ ಬಣ್ಣ ಬಳಿದು ಕೈ ತೊಳೆದುಕೊಳ್ಳುವವರಿದ್ದಾರೆ. ಕೆಳಗಿನ ಬಿರುಕು ಅಲುಗಿದರೆ ಬಣ್ಣವೂ ಅದರ ಜೊತೆ ಸೀಳುತ್ತದೆ.

ಪರೀಕ್ಷೆ ಕಷ್ಟವಲ್ಲ. ಬಂಡ್‌ನಲ್ಲಿ 30 ಸೆಂ.ಮೀ. ನೀರು ನಿಲ್ಲಿಸಿ, ಗೋಡೆಯ ಮೇಲೆ ಮಟ್ಟ ಗುರುತಿಸಿ. ಅದೇ ನೀರಿನಲ್ಲಿ ಒಂದು ಬಕೆಟ್ ಇಟ್ಟು ಅದರಲ್ಲೂ ನೀರು ತುಂಬಿಸಿ ಮಟ್ಟ ಗುರುತಿಸಿ. 48 ಗಂಟೆಯ ನಂತರ ಎರಡನ್ನೂ ಅಳೆಯಿರಿ. ಬಕೆಟ್‌ನಲ್ಲಿ ಇಳಿದದ್ದು ಆವಿ. ಬಂಡ್‌ನಲ್ಲಿ ಅದಕ್ಕಿಂತ ಹೆಚ್ಚು ಇಳಿದಿದ್ದರೆ ಉಳಿದದ್ದೆಲ್ಲ ಸೋರಿಕೆ. 600 ಚದರ ಮೀಟರ್ ನೆಲದಲ್ಲಿ 2 ಮಿ.ಮೀ. ವ್ಯತ್ಯಾಸವೆಂದರೆ 1,200 ಲೀಟರ್, ಕಡೆಗಣಿಸುವಂಥದ್ದಲ್ಲ.

ಟ್ಯಾಂಕಿನ ಅಡಿಭಾಗವನ್ನು ಮಾತ್ರ ಈ ಪರೀಕ್ಷೆ ತೋರಿಸುವುದಿಲ್ಲ, ಅಪಾಯ ಹೆಚ್ಚಿರುವುದೂ ಅಲ್ಲೇ. ಮರಳಿನ ಹಾಸಿನ ಮೇಲೆ ಕೂತ ಚಪ್ಪಟೆ ತಳದ ಉಕ್ಕಿನ ಟ್ಯಾಂಕ್ ಕೆಳಗಿನಿಂದ ತುಕ್ಕು ಹಿಡಿದು ವರ್ಷಗಟ್ಟಲೆ ತೊಟ್ಟಿಕ್ಕಿದರೂ ಕಣ್ಣಿಗೆ ಬೀಳದು. ಹೊಸದಾಗಿ ಕಟ್ಟುವಾಗ ಟ್ಯಾಂಕಿನಡಿ ಕಾಂಕ್ರೀಟ್ ಹಾಸು ಮತ್ತು ಹಾಳೆ ಹಾಕಿ, ನಡುವಿನಿಂದ ಅಂಚಿಗೆ ಹರಿಯುವ ಸಣ್ಣ ಕಾಲುವೆಗಳನ್ನು ಬಿಟ್ಟು, ಅಂಚಿನಲ್ಲಿ ಸಣ್ಣ ಪೈಪ್‌ಗಳನ್ನು ಹೊರಗೆ ತೆಗೆಯಿರಿ. ಆ ಪೈಪ್‌ನ ಬಾಯಿ ಒದ್ದೆಯಾಗಿದ್ದರೆ ತಳ ಸೋರುತ್ತಿದೆ ಎಂದು ಅಂದೇ ತಿಳಿಯುತ್ತದೆ.

ಪ್ರಶ್ನೆ: ಚಿನ್ನ ಹೀರುವ ಕಾರ್ಬನ್ (ಇದ್ದಿಲು) ತೊಳೆಯುವ ಹೈಡ್ರೋಕ್ಲೋರಿಕ್ ಆಮ್ಲದ ಟ್ಯಾಂಕನ್ನೂ ಅದೇ ಬಂಡ್‌ನೊಳಗೆ ಇಟ್ಟರೆ ಜಾಗ ಉಳಿಯುತ್ತದೆ. ಇಡಬಹುದೇ?

ಖಂಡಿತ ಕೂಡದು. ಪಿಎಚ್ (ಆಮ್ಲ-ಕ್ಷಾರದ ಅಳತೆ, ಇಳಿದಷ್ಟೂ ಆಮ್ಲ) 10.5ರಲ್ಲಿ ಸಯನೈಡಿನ ಸುಮಾರು ಶೇ. 5 ಮಾತ್ರ ಅನಿಲವಾಗಿ ಹಾರಬಲ್ಲ ರೂಪದಲ್ಲಿರುತ್ತದೆ, 9.2ಕ್ಕೆ ಇಳಿದರೆ ಅರ್ಧ, 7ಕ್ಕೆ ಬಂದರೆ ಹೆಚ್ಚುಕಮ್ಮಿ ಅಷ್ಟೂ. ಎರಡೂ ಒಂದೇ ಸಂಪ್‌ನಲ್ಲಿ ಸೇರಿದ ಗಳಿಗೆಯಲ್ಲಿ ಅಂತರ್ಜಲದ ಮಾತು ಹಾಗಿರಲಿ, ಅಲ್ಲಿ ನಿಂತವರ ಜೀವ ಉಳಿಯುವುದೇ ಕಷ್ಟ. ಆಮ್ಲಕ್ಕೆ ಬೇರೆ ಬಂಡ್, ಬೇರೆ ಸಂಪ್, ಬೇರೆ ಪಂಪ್. ತಾಮ್ರದ ಸಲ್ಫೇಟ್, ಸೋಡಿಯಂ ಮೆಟಾಬೈಸಲ್ಫೈಟ್ ದ್ರಾವಣಗಳೂ ಆಮ್ಲೀಯವೇ ಎಂಬುದು ಹಲವರಿಗೆ ನೆನಪಿರುವುದಿಲ್ಲ, ಅವನ್ನೂ ದೂರವಿಡಿ.

ಪ್ರಶ್ನೆ: ಘಟಕದಿಂದ ಟೇಲಿಂಗ್ಸ್ (ಚಿನ್ನ ತೆಗೆದು ಉಳಿದ ಸ್ಲರಿ) ಕಟ್ಟೆಗೆ ಎರಡು ಕಿಲೋಮೀಟರ್ ಪೈಪ್‌ಲೈನ್. ಎರಡೂ ತುದಿಗೆ ಫ್ಲೋಮೀಟರ್ ಇದೆ. ರಾತ್ರಿ ಗಸ್ತು ನಿಲ್ಲಿಸಬಹುದೇ?
— ನಿರ್ವಹಣಾ ವಿಭಾಗದವರು

ಬೇಡ. ಗಂಟೆಗೆ 150 ಘನ ಮೀಟರ್ ಹರಿಯುವ ಲೈನ್‌ನಲ್ಲಿ ಎರಡು ಮೀಟರ್‌ಗಳ ನಡುವೆ ಶೇ. 5ರ ವ್ಯತ್ಯಾಸಕ್ಕೆ ಅಲಾರಂ ಇಟ್ಟಿದ್ದೀರೆಂದುಕೊಳ್ಳಿ. ಅದಕ್ಕಿಂತ ಬಿಗಿ ಮಾಡಿದರೆ ಸುಳ್ಳು ಅಲಾರಂ ಬಡಿದು ಬಡಿದು ಕೊನೆಗೆ ಯಾರಾದರೂ ಅದನ್ನು ಬಂದ್ ಮಾಡಿಬಿಡುತ್ತಾರೆ. ಶೇ. 5 ಎಂದರೆ ಗಂಟೆಗೆ 7.5 ಘನ ಮೀಟರ್, ಎಂಟು ಗಂಟೆಯ ಶಿಫ್ಟ್‌ಗೆ 60 ಘನ ಮೀಟರ್. ಇಷ್ಟು ಸುರಿದು ಹೋದರೂ ಮೀಟರ್ ಬಾಯಿಬಿಡುವುದಿಲ್ಲ. ಪೈಪ್ ಒಡೆದರೆ ಮೀಟರ್ ಹೇಳುತ್ತದೆ. ಫ್ಲೇಂಜ್ (ಪೈಪ್‌ಗಳ ಬೋಲ್ಟ್ ಜೋಡಣೆ) ತೊಟ್ಟಿಕ್ಕುವುದನ್ನು ಕಣ್ಣೇ ನೋಡಬೇಕು.

ಪೈಪನ್ನು ಬರಿ ಮಣ್ಣಿನ ಮೇಲೆ ಮಲಗಿಸಬೇಡಿ. ಹಾಳೆ ಹಾಸಿದ ಕಾಲುವೆಯಲ್ಲಿರಲಿ, ತಗ್ಗಿನ ಜಾಗಗಳಲ್ಲಿ ಹಾಳೆ ಹಾಸಿದ ಹೊಂಡಗಳಿರಲಿ. ಹೊಂಡದ ಅಳತೆ ಹೀಗೆ: ಒಳವ್ಯಾಸ 200 ಮಿ.ಮೀ. ಇರುವ ಎರಡು ಕಿ.ಮೀ. ಪೈಪ್‌ನಲ್ಲಿ 63 ಘನ ಮೀಟರ್ ಸ್ಲರಿ ನಿಂತಿರುತ್ತದೆ. ಪಂಪ್ ನಿಲ್ಲಿಸಲು ಹತ್ತು ನಿಮಿಷ ಹಿಡಿದರೆ ಇನ್ನೂ 25. ಎಲ್ಲವೂ ಒಂದೇ ತಗ್ಗಿಗೆ ಇಳಿಯುವಂತಿದ್ದರೆ ಅಲ್ಲಿನ ಹೊಂಡ 100 ಘನ ಮೀಟರ್ ಇರಬೇಕು. ಮಳೆನೀರು, ಹೂಳು ತುಂಬಿದ ಹೊಂಡ ಲೆಕ್ಕಕ್ಕಿಲ್ಲ.

ಸ್ಲರಿಯ ಪೈಪ್ ಸವೆಯುವುದು ತಳಭಾಗದಲ್ಲಿ, ಬೆಂಡ್‌ಗಳ ಹೊರಬದಿಯಲ್ಲಿ. ಉಕ್ಕಿನ ಪೈಪಾದರೆ ಅಲ್ಟ್ರಾಸಾನಿಕ್ ಮೀಟರ್‌ನಿಂದ ದಪ್ಪ ಅಳೆದು ಬರೆದಿಟ್ಟು, ತಳ ತೆಳುವಾಗುವ ಮೊದಲೇ ಪೈಪನ್ನು ಮೂರನೇ ಒಂದು ಸುತ್ತು ತಿರುಗಿಸಿ. ಹಳ್ಳ ದಾಟುವ ಕಡೆ ಪೈಪ್‌ಗೆ ಹೊರಗಿನಿಂದ ಇನ್ನೊಂದು ಪೈಪ್ ತೊಡಿಸಿ. ಅಲ್ಲಿ ಫ್ಲೇಂಜ್ ಇರಲೇಬಾರದು.

ಪ್ರಶ್ನೆ: ಸ್ಲರಿ ಮಣ್ಣಿಗೆ ಚೆಲ್ಲಿದರೆ ತಕ್ಷಣ ಹೋಸ್‌ನಿಂದ ನೀರು ಹೊಡೆದು ತೊಳೆಯುತ್ತೇವೆ, ಆಮೇಲೆ ಬ್ಲೀಚಿಂಗ್ ಪೌಡರ್ ಹಾಕುತ್ತೇವೆ. ಕ್ರಮ ಸರಿಯಾಗಿದೆಯೇ?
— ಆಪರೇಟರ್

ಕಾಂಕ್ರೀಟಿನ ಮೇಲಾದರೆ ತೊಳೆದು ಸಂಪ್‌ಗೆ ಕಳಿಸಿ. ಮಣ್ಣಿನ ಮೇಲೆ ಹೋಸ್ ಹಿಡಿದರೆ ನೀವೇ ಅದನ್ನು ಕೆಳಕ್ಕೆ ದೂಡಿದಂತೆ. ಮಣ್ಣಿನಲ್ಲಿ ಚೆಲ್ಲಿದ್ದನ್ನು ಒದ್ದೆಯಿರುವಾಗಲೇ ಎತ್ತಬೇಕು.

ಗಾಳಿ ಬರುವ ಕಡೆಗೆ ಬೆನ್ನು ಮಾಡಿ, ಅನಿಲ ಅಳೆಯುವ ಉಪಕರಣ ಹಿಡಿದೇ ಹೋಗಿ. 4.7 ಪಿಪಿಎಂ ದಾಟಿದರೆ ಹಿಂದೆ ಸರಿಯಿರಿ. ಬಾದಾಮಿಯ ವಾಸನೆ ಬರಲಿಲ್ಲ ಎಂಬುದು ಧೈರ್ಯಕ್ಕೆ ಆಧಾರವಲ್ಲ, ಹಲವರ ಮೂಗಿಗೆ ಆ ವಾಸನೆ ಹುಟ್ಟಾ ತಿಳಿಯುವುದಿಲ್ಲ. ಪಂಪ್ ನಿಲ್ಲಿಸಿ, ಮಳೆನೀರಿನ ಚರಂಡಿಯ ಬಾಯಿಯನ್ನು ಮರಳಿನ ಚೀಲದಿಂದ ಮೊದಲು ಮುಚ್ಚಿ, ಸುತ್ತ ಮಣ್ಣಿನ ಒಡ್ಡು ಹಾಕಿ. ನಿಂತ ದ್ರಾವಣವನ್ನು ಪಂಪ್‌ನಿಂದ ಎತ್ತಿ ಟ್ಯಾಂಕಿಗೆ ಹಿಂತಿರುಗಿಸಿ. ನಂತರ ಮಣ್ಣು ಕೆರೆದು ತೆಗೆಯಿರಿ, 15 ಸೆಂ.ಮೀ. ತೆಗೆದು ಮಾದರಿ, ಮತ್ತೆ 15 ತೆಗೆದು ಮಾದರಿ, ಹೀಗೆ ಫಲಿತಾಂಶ ಶುದ್ಧ ಬರುವ ತನಕ. ತೆಗೆದ ಮಣ್ಣು ಹಾಳೆ ಹಾಸಿದ ಟೇಲಿಂಗ್ಸ್ ಕಟ್ಟೆಗೇ ಹೋಗಬೇಕು. ರಸ್ತೆಯ ಗುಂಡಿ ತುಂಬಲು ಹೋದರೆ ಸೋರಿಕೆ ಊರೂರಿಗೆ ಹಂಚಿದ ಹಾಗೆ.

ಬ್ಲೀಚಿಂಗ್ ಪೌಡರ್ ಏನಿದ್ದರೂ ಎತ್ತಿದ ಮೇಲೆ ಉಳಿದ ಕಲೆಗೆ. ಲೆಕ್ಕ: 1 ಕೆ.ಜಿ. ಸಯನೈಡನ್ನು ಕಡಿಮೆ ವಿಷದ ಸಯನೇಟ್ ಮಾಡಲು 2.73 ಕೆ.ಜಿ. ಕ್ಲೋರಿನ್ ಬೇಕು. ಲೀಟರಿಗೆ 200 ಮಿ.ಗ್ರಾಂ. ಇರುವ 10 ಘನ ಮೀಟರ್ ದ್ರಾವಣದಲ್ಲಿ 2 ಕೆ.ಜಿ. ಸಯನೈಡ್, ಅದಕ್ಕೆ 5.5 ಕೆ.ಜಿ. ಕ್ಲೋರಿನ್, ಅಂದರೆ ಶೇ. 33ರ ಪೌಡರ್ ಸುಮಾರು 17 ಕೆ.ಜಿ. ಮಣ್ಣು ಮತ್ತು ಥಯೋಸಯನೇಟ್ ಕೂಡ ಕ್ಲೋರಿನ್ ತಿನ್ನುವುದರಿಂದ ಇಮ್ಮಡಿ ಇಟ್ಟುಕೊಳ್ಳಿ. ಡಬ್ಬ ತೆರೆದು ತಿಂಗಳುಗಟ್ಟಲೆ ಇಟ್ಟ ಪೌಡರ್‌ನಲ್ಲಿ ಶೇ. 33 ಉಳಿದಿರುವುದಿಲ್ಲ. ಪೌಡರ್‌ಗಿಂತ ಮೊದಲು ಸುಣ್ಣ ಎರಚಿ ಪಿಎಚ್ 10.5ರ ಮೇಲೆ ತನ್ನಿ. ಕಮ್ಮಿಯಿದ್ದರೆ ಸಯನೋಜೆನ್ ಕ್ಲೋರೈಡ್ ಎಂಬ ಇನ್ನೊಂದು ವಿಷಾನಿಲ ಏಳುತ್ತದೆ. ಕಬ್ಬಿಣಕ್ಕೆ ಅಂಟಿಕೊಂಡ ಸಯನೈಡನ್ನಾಗಲಿ ಅದಿರಿನಿಂದ ಬರುವ ಆರ್ಸೆನಿಕ್ ಎಂಬ ವಿಷವನ್ನಾಗಲಿ ಇದು ತೆಗೆಯದು.

ಹಳ್ಳಕ್ಕೆ, ಕೆರೆಗೆ ಇಳಿದುಬಿಟ್ಟಿದ್ದರೆ ಮಾತ್ರ ಏನನ್ನೂ ಸುರಿಯಬೇಡಿ. 2000ದ ಜನವರಿಯಲ್ಲಿ ರುಮೇನಿಯಾದ ಬಾಯಾ ಮಾರೆಯಲ್ಲಿ ಕಟ್ಟೆ ಒಡೆದು ಸುಮಾರು ಒಂದು ಲಕ್ಷ ಘನ ಮೀಟರ್ ಸಯನೈಡ್ ನೀರು ಟಿಸಾ, ಡ್ಯಾನ್ಯೂಬ್ ನದಿಗಳಿಗೆ ಹರಿಯಿತು. ಆ ಬಳಿಕ ರೂಪುಗೊಂಡ ಅಂತರರಾಷ್ಟ್ರೀಯ ಸಯನೈಡ್ ಸಂಹಿತೆ ಹೈಪೋಕ್ಲೋರೈಟ್, ಫೆರಸ್ ಸಲ್ಫೇಟ್, ಹೈಡ್ರೋಜನ್ ಪೆರಾಕ್ಸೈಡ್ ಮೂರನ್ನೂ ಹರಿಯುವ ನೀರಿಗೆ ಹಾಕಕೂಡದೆನ್ನುತ್ತದೆ. ಜಲಚರಗಳಿಗೆ ಅವೂ ವಿಷವೇ. ಕೆಳಗಿನ ಊರುಗಳಿಗೆ ಡಂಗುರ ಹೊಡೆಸಿ, ನೀರೆತ್ತುವುದನ್ನು ನಿಲ್ಲಿಸಿ. 1974ರ ಜಲ ಕಾಯ್ದೆಯ 31ನೇ ಕಲಮಿನಂತೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೂಡಲೇ ತಿಳಿಸಲೇಬೇಕು. ಪೂರ್ತಿ ವರದಿ ತಯಾರಾಗಲಿ ಎಂದು ಕಾಯುವಂತಿಲ್ಲ.

ಪ್ರಶ್ನೆ: ನಮ್ಮ ಹೊಲದಿಂದ ಒಂದು ಕಿಲೋಮೀಟರ್ ಆಚೆ ಅದಿರು ಘಟಕ ಐತಿ. ಕುಡಿಯಾಕ, ದನಕ್ಕ ಎಲ್ಲಕ್ಕೂ ಬೋರ್ ನೀರೇ. ಏನೇನು ಪರೀಕ್ಷೆ ಮಾಡಸ್ಬೇಕ್ರೀ? ಕುದಿಸಿದ್ರ ಹೋಗತೈತೇನು?
— ರೈತ ಮಹಿಳೆ, ಕಲ್ಯಾಣ ಕರ್ನಾಟಕ

ಕುದಿಸುವುದರಿಂದ ಆರ್ಸೆನಿಕ್ ಹೋಗುವುದಿಲ್ಲ ತಾಯಿ, ನೀರು ಇಂಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಸಯನೈಡ್ ಇರಬಹುದೆಂಬ ಅನುಮಾನವಿದ್ದರಂತೂ ಮುಚ್ಚಿದ ಅಡುಗೆಮನೆಯಲ್ಲಿ ಕುದಿಸಲೇಬೇಡಿ.

ಸಯನೈಡ್ ಒಂದನ್ನೇ ಪರೀಕ್ಷಿಸಿದರೆ ಸಾಲದು. ಅದು ದಾರಿಯಲ್ಲಿ ಒಡೆದು ಹೋಗಬಹುದು, ಜೊತೆಗೆ ಬಂದ ಸಲ್ಫೇಟ್ ಒಡೆಯುವುದಿಲ್ಲ. ಹೀಗಾಗಿ ಘಟಕದ ನೀರು ನಿಮ್ಮ ಬೋರ್ ಕಡೆ ಹೊರಟಿದ್ದರೆ ಮೊದಲ ಸುಳಿವು ಸಲ್ಫೇಟ್ ಏರುವುದರಲ್ಲಿ ಸಿಗುತ್ತದೆ. ಮಾಡಿಸಬೇಕಾದವು: ಒಟ್ಟು ಸಯನೈಡ್ (ಮಿತಿ 0.05), ಆರ್ಸೆನಿಕ್ (0.01), ಸಲ್ಫೇಟ್ (200), ನೈಟ್ರೇಟ್ (45), ಎಲ್ಲವೂ ಲೀಟರಿಗೆ ಮಿ.ಗ್ರಾಂ. ಲೆಕ್ಕದಲ್ಲಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ. ಒಂದು ವರದಿಯಿಂದ ಹೆಚ್ಚೇನೂ ತಿಳಿಯದು. ನಾಲ್ಕೈದು ವರದಿಗಳನ್ನು ಸಾಲಾಗಿ ಇಟ್ಟರೆ ಏರುತ್ತಿದೆಯೋ ಇಲ್ಲವೋ ಕಾಣುತ್ತದೆ.

ನೀರು ಹಿಡಿಯುವಾಗ ಪಂಪ್ ಹದಿನೈದು ನಿಮಿಷ ಓಡಿದ ಮೇಲೆ ಹಿಡಿಯಿರಿ. ಬಾಟಲಿಗಳನ್ನು ಪ್ರಯೋಗಾಲಯದಿಂದಲೇ ತನ್ನಿ. ಸಯನೈಡಿನ ಬಾಟಲಿಗೆ ಕಾಸ್ಟಿಕ್ ಸೋಡಾ ಹಾಕಿರುತ್ತಾರೆ, ಆರ್ಸೆನಿಕ್ ಬಾಟಲಿಗೆ ಆಮ್ಲ. ಇವು ಅದಲುಬದಲಾದರೆ ಸಯನೈಡ್ ಅನಿಲವಾಗಿ ಹಾರಿ, ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದು ಬರುತ್ತದೆ. ಬಾಟಲಿಯನ್ನು ಕತ್ತಲಲ್ಲಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಒಯ್ಯಿರಿ.

ಆರ್ಸೆನಿಕ್ ಹೆಚ್ಚು ಬಂದರೆ ಅದು ಘಟಕದ್ದೇ ಎಂದು ಹೇಳಿಬಿಡಲಾಗದು. ಚಿನ್ನವಿರುವ ಬಂಡೆಯಲ್ಲಿ ಆರ್ಸೆನಿಕ್ ಸೇರಿದ ಆರ್ಸೆನೋಪೈರೈಟ್ ಖನಿಜ ಸಹಜವಾಗಿಯೇ ಇರುತ್ತದೆ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಕಂಡದ್ದೂ ಇಂಥದೇ ಚಿನ್ನದ ಬಂಡೆಗಳ ಪಟ್ಟಿಯಲ್ಲಿ. ಮೂಲ ಯಾವುದೇ ಆಗಲಿ, ಮಿತಿ ಮೀರಿದ ನೀರು ಕುಡಿಯಬೇಡಿ. ಗ್ರಾಮ ಪಂಚಾಯಿತಿಗೆ ವರದಿಯ ಪ್ರತಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಪ್ರಶ್ನೆ: ಕೆಜಿಎಫ್‌ನ ಸಯನೈಡ್ ದಿಬ್ಬಗಳಲ್ಲಿ ಈಗಲೂ ಸಯನೈಡ್ ಇದೆಯೇ?
— ಡಿಪ್ಲೊಮಾ ವಿದ್ಯಾರ್ಥಿ

ಗಣಿ ಮುಚ್ಚಿದ್ದು 2001ರ ಫೆಬ್ರವರಿಯಲ್ಲಿ. ಬಿಡಿ ಸಯನೈಡ್ ಬಿಸಿಲು, ಗಾಳಿ, ಮಳೆಗೆ ಇಷ್ಟು ವರ್ಷ ನಿಲ್ಲುವಂಥದ್ದಲ್ಲ. ಕಬ್ಬಿಣದ ಜೊತೆ ಕಟ್ಟಿಕೊಂಡದ್ದು ಮಾತ್ರ ಬಹುಕಾಲ ಉಳಿಯಬಲ್ಲದು, ಬಿಸಿಲು ಬಿದ್ದರೆ ನಿಧಾನಕ್ಕೆ ಒಡೆಯುತ್ತದೆ. ಅಡಿಯಲ್ಲಿ ಹಾಳೆಯಿಲ್ಲದ ಹಳೆಯ ದಿಬ್ಬಗಳ ವಿಷಯದಲ್ಲಿ ಇಂದಿನ ಚಿಂತೆ ಧೂಳು, ಲೋಹಗಳು ಮತ್ತು ಮಳೆಯಲ್ಲಿ ಕೊಚ್ಚಿಹೋಗುವ ನುಣುಪು ಮಣ್ಣು.

ಪ್ರಶ್ನೆ: ಘಟಕದ ಅಂಗಳದ ಮಳೆನೀರನ್ನು ಬತ್ತಿದ ಬೋರ್‌ಗೆ ಇಂಗಿಸುವ ಯೋಜನೆ ಬಂದಿದೆ. ಜೊತೆಗೆ ನಿಗಾ ಬಾವಿಗಳನ್ನು ಎಲ್ಲಿ ಕೊರೆಯಬೇಕು?
— ಪರಿಸರ ವಿಭಾಗದ ಸಿಬ್ಬಂದಿ

ಮೊದಲನೆಯದನ್ನು ಕೈಬಿಡಿ. ಕಚೇರಿ, ಕ್ಯಾಂಟೀನಿನ ಚಾವಣಿ ನೀರನ್ನು ಬೇಕಾದರೆ ದೂರದಲ್ಲಿ ಇಂಗಿಸಿ. ಅದಿರು, ಟ್ಯಾಂಕ್, ಡೀಸೆಲ್ ಬಂಕ್, ಲಾರಿ ಓಡಾಡುವ ಅಂಗಳದ ನೀರನ್ನು ಬೋರ್‌ಗೆ ಬಿಡುವುದೆಂದರೆ, ಮೇಲಿನ ಬಂಡ್, ಹಾಳೆ, ವಾಟರ್‌ಸ್ಟಾಪ್ ಎಲ್ಲಕ್ಕೂ ಹಣ ಸುರಿದು ಪಕ್ಕದಲ್ಲೇ ಅಂತರ್ಜಲಕ್ಕೆ ನೇರ ಪೈಪ್ ಹಾಕಿಕೊಟ್ಟಂತೆ. ಆ ನೀರನ್ನು ಹಾಳೆ ಹಾಸಿದ ಹೊಂಡದಲ್ಲಿ ಹಿಡಿದು ಘಟಕಕ್ಕೇ ಬಳಸಿ.

ನಿಗಾ ಬಾವಿಗೆ ಮೊದಲು ನೀರಿನ ಹರಿವಿನ ದಿಕ್ಕು ತಿಳಿಯಬೇಕು. ಸುತ್ತಲಿನ ಬಾವಿಗಳ ನೀರಿನ ಮಟ್ಟವನ್ನು ಸಮುದ್ರಮಟ್ಟದ ಲೆಕ್ಕಕ್ಕೆ ತಂದು ನಕ್ಷೆಯಲ್ಲಿ ಬರೆದರೆ ಅದು ಸಿಗುತ್ತದೆ. ಹರಿವಿನ ಕೆಳಗಡೆ ಕನಿಷ್ಠ ಮೂರು ಬಾವಿ, ಬಂಡ್‌ನಿಂದ 30–50 ಮೀಟರಿನೊಳಗೆ; ಹೋಲಿಕೆಗೆ ಮೇಲ್ಗಡೆ ಒಂದು. ಗಡಿಯಂಚಿನಲ್ಲಿ ಕೊರೆದ ಬಾವಿ ಸುದ್ದಿ ಹೇಳುವ ಹೊತ್ತಿಗೆ ಕಾಲ ಮೀರಿರುತ್ತದೆ. ಗಟ್ಟಿ ಬಂಡೆಯ ನಾಡಿನಲ್ಲಿ ನೀರು ಎಲ್ಲ ಕಡೆ ಸಮನಾಗಿ ಹರಡದೆ, ಬೋರ್ ಕೊರೆಯುವವರು ‘ಗ್ಯಾಪ್’ ಎನ್ನುವ ಬಿರುಕುಗಳಲ್ಲಿ ಓಡುತ್ತದೆ. ಆದ್ದರಿಂದ ರೆಸಿಸ್ಟಿವಿಟಿ ಸರ್ವೆ (ನೆಲಕ್ಕೆ ವಿದ್ಯುತ್ ಹರಿಸಿ ಬಿರುಕು ಹುಡುಕುವ ಪರೀಕ್ಷೆ) ಮಾಡಿಸಿ ಬಿರುಕಿನ ಸಾಲಿನ ಮೇಲೆಯೇ ಬಾವಿ ತೆಗೆಯಿರಿ. ಶಿಥಿಲ ಬಂಡೆಯ ಪದರಕ್ಕೆ ಒಂದು, ಆಳದ ಗ್ಯಾಪ್‌ಗೆ ಇನ್ನೊಂದು, ಬೇರೆ ಬೇರೆಯಾಗಿ. ಎರಡನ್ನೂ ಒಂದೇ ತೆರೆದ ಬೋರ್‌ನಲ್ಲಿ ದಾಟಿಸಿದರೆ, ಮೇಲಿನ ಕೊಳಕು ಆ ಬೋರ್ ಮೂಲಕವೇ ಕೆಳಗಿಳಿಯುತ್ತದೆ.

ನಿಮ್ಮ ಆ ಬತ್ತಿದ ಬೋರ್‌ಗೂ ಇದೇ ಮಾತು, ಅದನ್ನು ಮುಚ್ಚಿ. ಕಲ್ಲುಮಣ್ಣು ಸುರಿದರೆ ಮುಚ್ಚಿದಂತಲ್ಲ, ಸಂದಿಯಲ್ಲಿ ನೀರು ಇಳಿಯುತ್ತಲೇ ಇರುತ್ತದೆ. ಪಂಪ್, ಪೈಪ್ ಹೊರತೆಗೆದು, ತಳದವರೆಗೆ ಸಣ್ಣ ಪೈಪ್ ಇಳಿಸಿ, ಒಂದು ಚೀಲ ಸಿಮೆಂಟಿಗೆ 30 ಲೀಟರ್ ನೀರು ಬೆರೆಸಿದ ಗ್ರೌಟನ್ನು ಕೆಳಗಿನಿಂದ ಮೇಲಕ್ಕೆ ತುಂಬುತ್ತ ಪೈಪನ್ನು ಎತ್ತುತ್ತ ಬನ್ನಿ. 165 ಮಿ.ಮೀ. ವ್ಯಾಸದ ಬೋರ್ ಮೀಟರಿಗೆ 21 ಲೀಟರ್ ಹಿಡಿಯುತ್ತದೆ, ಒಂದು ಚೀಲದ ಗ್ರೌಟ್ ಸುಮಾರು 46 ಲೀಟರ್. 100 ಮೀಟರಿಗೆ 47 ಚೀಲ. ಗ್ಯಾಪ್‌ಗಳು ನುಂಗುವುದಕ್ಕೆಂದು ಇನ್ನೂ ಹತ್ತು ಹದಿನೈದು ಚೀಲ ಪಕ್ಕದಲ್ಲಿಟ್ಟುಕೊಳ್ಳಿ. ಮಾರನೆಯ ದಿನ ಗ್ರೌಟ್ ಕುಸಿದಿರುತ್ತದೆ, ಮತ್ತೆ ತುಂಬಿ, ಮೇಲಿನ ಒಂದು ಮೀಟರ್ ಅಗೆದು ಕಾಂಕ್ರೀಟ್ ಮುಚ್ಚಳ ಹಾಕಿ, ಘಟಕದ ನಕ್ಷೆಯಲ್ಲಿ ಆ ಜಾಗ ಗುರುತಿಸಿಡಿ.